ಕಯಾಕ್ ಮೇಲಿನ ಹೊಟ್ಟೆಕಿಚ್ಚು

ನನ್ನ ಗಂಡ ಸೈನ್ಯದಿಂದ ಮನೆಗೆ ಬಂದಾಗ ಅವರ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಕಾರ್ಗಿಲ್ ಯುದ್ಧ ಮುಗಿದು ಆಗಲೇ ಸಾಕಷ್ಟು ಸಮಯವಾಗಿತ್ತು. ಆದರೂ ನಮ್ಮೂರು ಕಾಪುವಿನಲ್ಲಿ ಎಲ್ಲರೂ ಅವರನ್ನು ಕಾರ್ಗಿಲ್‌ನಲ್ಲಿ ಕಾಲು ಕಳೆದುಕೊಂಡವರೆಂದೇ ಹೇಳುತ್ತಿದ್ದರು. ಇವರೂ ತಿದ್ದಲು ಹೋಗುತ್ತಿರಲಿಲ್ಲ. ಗಡಿಯ ಹತ್ತಿರ ಎಲ್ಲೋ ನೆಲಬಾಂಬಿನ ಮೇಲೆ ಕಾಲಿಟ್ಟದ್ದು ಎಂಬಷ್ಟೇ ನನಗೆ ಗೊತ್ತಿದ್ದದ್ದು. ಅದನ್ನು ಹೇಳಿದವರೂ ಇವರಲ್ಲ, ಇವರನ್ನು ಮನೆಯವರೆಗೆ ಬಿಡಲು ಬಂದಿದ್ದ ಸುಬೇದಾರರು.

ಇವರದು ಮೀನುಗಾರರ ಮನೆ, ನನ್ನದೂ ಅದೇ. ನಾನು ಸ್ವಲ್ಪ ಓದಿ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆದೆ, ಅಷ್ಟೇ ವ್ಯತ್ಯಾಸ. ಇವರ ತಮ್ಮನ ಬೋಟು ಮಲ್ಪೆ ಬಂದರಿನಲ್ಲಿತ್ತು. ಊರಿಗೆ ಬಂದ ಹೊಸತರಲ್ಲಿ ಇವರು ಒಮ್ಮೆ ಬೋಟು ಹತ್ತಲು ಹೋದರು. ಒದ್ದೆ ಹಲಗೆಯ ಮೇಲೆ ಕೃತಕ ಕಾಲು ಜಾರಿ, ಬಲೆಯ ರಾಶಿಯ ಮೇಲೆ ಬಿದ್ದರು. ಕೆಲಸದವರ ಎದುರಲ್ಲೇ ತಮ್ಮ ಇವರನ್ನು ಎತ್ತಿ, ಮನೆಯಲ್ಲಿ ಹಾಯಾಗಿರು ಅಣ್ಣ, ನಿನಗೆ ಯಾಕೆ ಇದೆಲ್ಲ ಎಂದನಂತೆ. ಅದು ಪ್ರೀತಿಯಿಂದ ಹೇಳಿದ ಮಾತೇ. ಆದರೆ ಆಮೇಲೆ ಇವರು ಮಲ್ಪೆಯ ಕಡೆ ಹೋಗಲಿಲ್ಲ. ಜಗಲಿಯಲ್ಲಿ ಕಡಲಿಗೆ ಮುಖ, ಮನೆಗೆ ಬೆನ್ನು ಮಾಡಿ ಕುಳಿತುಬಿಟ್ಟರು.

ನಾನು ಶಾಲೆಯಿಂದ ಬಂದು ಅಂದಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಏನು ಯೋಚನೆ ಎಂದರೆ ಎಂತ ಇಲ್ಲ. ಅಲ್ಲಿ ಏನಾಯಿತು ಎಂದರೆ ಎದ್ದು ಒಳಗೆ ಹೋಗುವುದು. ಸಂಜೆ ಮಾತ್ರ ಮಂಚದ ಮೇಲೆ ಕುಳಿತು ಕೃತಕ ಕಾಲನ್ನು ಬಿಚ್ಚಿ, ಉಳಿದ ಮೋಟು ಕಾಲನ್ನು ನನ್ನ ಮುಂದೆ ಚಾಚುತ್ತಿದ್ದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚರ್ಮ ಕೆಂಪಾಗಿದ್ದಲ್ಲಿ ಮುಲಾಮು ಹಚ್ಚುತ್ತಿದ್ದೆ. ಆ ಕಾಲನ್ನು ಅವರು ನನ್ನ ಹೊರತು ಮನೆಯಲ್ಲಿ ಯಾರಿಗೂ ತೋರಿಸಿದವರಲ್ಲ, ಹೆತ್ತ ತಾಯಿಗೂ ಇಲ್ಲ. ಮಾತು ಸಿಗದಿದ್ದರೆ ಹೋಗಲಿ, ಇದಾದರೂ ನನಗೊಬ್ಬಳಿಗೇ ಉಂಟಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದ ಮೇಲೆ ನಮ್ಮ ಮನೆಗೆ ಕಾರ್ಕಳದವರು ಬಂದರು. ಅವರನ್ನು ನಾನು ಮೊದಲಿನಿಂದಲೂ ಹಾಗೆಯೇ ಕರೆದದ್ದು. ನೌಕಾಪಡೆಯಲ್ಲಿ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಎಂಜಿನ್ನಿನ ಸದ್ದಿಗೆ ಒಂದು ಕಿವಿ ಹೋಗಿತ್ತು. ಇವರು ಕಾಲು ಸರಿಮಾಡಿಸಲು, ಅವರು ಕಿವಿ ತೋರಿಸಲು ಮಣಿಪಾಲದ ಆಸ್ಪತ್ರೆಗೆ ಹೋದಾಗ ಪಕ್ಕಪಕ್ಕದ ಬೆಂಚಿನಲ್ಲಿ ಪರಿಚಯವಾದದ್ದು. ದಪ್ಪ ದೇಹ, ಕಿವುಡರಿಗೆ ಸಹಜವಾದ ದೊಡ್ಡ ದನಿ. ಇವರಿಗಿಂತ ಹತ್ತಾರು ವರ್ಷ ದೊಡ್ಡವರು. ಇವರು ಅವರನ್ನು ಅಣ್ಣ ಎನ್ನುತ್ತಿದ್ದರು.

ಅವರ ಬಳಿ ಎರಡು ಕಯಾಕ್ ಇದ್ದವು. ಮಣಿಪಾಲದಲ್ಲಿ ಓದಲು ಬಂದಿದ್ದ ವಿದೇಶಿ ಹುಡುಗರು ತರಿಸಿಕೊಂಡು, ಓದು ಮುಗಿದ ಮೇಲೆ ಬಿಟ್ಟುಹೋದವಂತೆ. ನಾನು ಕಡಲ ಬದಿಯಲ್ಲೇ ಹುಟ್ಟಿದವಳಾದರೂ ಅಂಥ ದೋಣಿ ನೋಡಿರಲಿಲ್ಲ. ಗಟ್ಟಿ ಪ್ಲಾಸ್ಟಿಕ್‌ನದ್ದು, ಹಳದಿ ಬಣ್ಣ, ಉದ್ದಕ್ಕೆ ಸಪೂರ. ಒಬ್ಬರೇ ಮೇಲೆ ಕುಳಿತು, ಎರಡು ತುದಿಗೂ ಅಗಲವಿರುವ ಒಂದೇ ಹುಟ್ಟಿನಿಂದ ಎಡಬಲ ನೀರು ತಳ್ಳಬೇಕು. ಭಾನುವಾರ ಇಲ್ಲೇ ಹತ್ತಿರದ ಮಟ್ಟುವಿನ ಹೊಳೆಯಲ್ಲಿ ನಮ್ಮಂಥ ಮಾಜಿ ಸೈನಿಕರೆಲ್ಲ ಸೇರಿ ಇದರಲ್ಲಿ ಗಾಳ ಹಾಕುವ, ಬಾ ಎಂದು ಅವರು ಇವರನ್ನು ಕರೆದರು. ಕಡಲಿನಂತೆ ಅಲೆಯಿಲ್ಲ, ಜಾರುವ ಹಲಗೆಯಿಲ್ಲ, ಕುಳಿತಲ್ಲೇ ಕೆಲಸ. ಇವರು ಒಪ್ಪುವುದಿಲ್ಲ ಎಂದುಕೊಂಡು ನಾನು ಚಹಾ ಮಾಡಲು ಒಳಗೆ ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಇವರು ಒಪ್ಪಿಯಾಗಿತ್ತು.

ಮೊದಲ ಭಾನುವಾರ ನಾನೂ ಬುತ್ತಿ ಕಟ್ಟಿಕೊಂಡು ಹೋದೆ. ಗುಳ್ಳ ಬದನೆಯ ಗದ್ದೆಗಳ ಬದಿಯಲ್ಲಿ, ಹೊಳೆಯ ದಂಡೆಯ ಮೇಲೆ, ತೆಂಗಿನ ಮರದ ನೆರಳಿನಲ್ಲಿ ಕುಳಿತೆ. ನಾಲ್ಕೈದು ಜನ ಬಂದಿದ್ದರು. ಎಲ್ಲರೂ ಸೈನ್ಯದಲ್ಲಿ ಇದ್ದವರೇ. ಸರದಿಯಂತೆ ಕಯಾಕಿನಲ್ಲಿ ಹೋಗುವುದು, ಉಳಿದವರು ದಂಡೆಯಿಂದ ಗಾಳ ಹಾಕುವುದು. ಇವರ ಸರದಿ ಬಂದಾಗ ಕಾರ್ಕಳದವರೂ ಎರಡನೇ ಕಯಾಕಿನಲ್ಲಿ ಜೊತೆಗೆ ಹೋದರು. ಎರಡೂ ಹೊಳೆಯ ನಡುವೆ ಅಕ್ಕಪಕ್ಕ ನಿಂತವು. ಏನು ಮಾತಾಡುತ್ತಿದ್ದಾರೆಂದು ದಂಡೆಗೆ ಕೇಳುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಇವರು ತಲೆಯನ್ನು ಹಿಂದಕ್ಕೆ ಒಗೆದು ನಕ್ಕರು. ಆ ನಗು ಮಾತ್ರ ನೀರಿನ ಮೇಲೆ ಸ್ಪಷ್ಟವಾಗಿ ಬಂತು.

ಮದುವೆಯಾದ ಹೊಸತರಲ್ಲಿ ಕೇಳಿದ್ದ ನಗು ಅದು. ಅದಕ್ಕಾಗಿ ನಾನು ಏನೆಲ್ಲ ಮಾಡಿರಲಿಲ್ಲ. ಶಾಲೆಯ ಮಕ್ಕಳು ಮಾಡಿದ ಕೀಟಲೆಗಳನ್ನು ಉಪ್ಪುಖಾರ ಹಚ್ಚಿ ಹೇಳಿದ್ದೆ, ಇವರಿಗೆ ಇಷ್ಟವೆಂದು ಕೊಟ್ಟೆ ಕಡುಬು ಮಾಡಿದ್ದೆ. ಈಗ ಯಾರೋ ದಪ್ಪ ಮನುಷ್ಯನೊಬ್ಬ ಪ್ಲಾಸ್ಟಿಕ್ ದೋಣಿಯಲ್ಲಿ ಕೂರಿಸಿದ ಅರ್ಧ ಗಂಟೆಯಲ್ಲಿ ಅದನ್ನು ಹೊರಗೆ ತೆಗೆದಿದ್ದ. ಸಂತೋಷ ಪಡಬೇಕಾಗಿತ್ತು. ಆದರೆ ನನ್ನ ಹೊಟ್ಟೆ ಉರಿಯಿತು. ಬುತ್ತಿ ಬಿಚ್ಚಿದಾಗ ಕಾರ್ಕಳದವರಿಗೆ ಮೀನಿನ ಬಾಲದ ತುಂಡನ್ನೇ ಬಡಿಸಿದೆ. ಅವರು ಅದನ್ನೇ ಹೊಗಳಿ ತಿಂದರು.

ಆಮೇಲೆ ಪ್ರತಿ ಭಾನುವಾರವೂ ಇದೇ ಆಯಿತು. ಇವರು ಕಾಣೆ ಮೀನೋ ಕೆಂಬೇರಿ ಮೀನೋ ಹಿಡಿದು ತರುತ್ತಿದ್ದರು. ಮೈಗೆ ಹೊಳೆಯ ವಾಸನೆ, ಮುಖಕ್ಕೆ ಬಿಸಿಲಿನ ಬಣ್ಣ. ಏನು ಮಾತಾಡಿದಿರಿ ಎಂದು ಕೇಳಿದರೆ ಅದೇ ಉತ್ತರ, ಎಂತ ಇಲ್ಲ. ದಂಡೆಯಲ್ಲಿ ನನಗೆ ಮಾತಿಗೆ ಸಿಗುತ್ತಿದ್ದವರು ಒಬ್ಬರೇ, ಉತ್ತರ ಕರ್ನಾಟಕದ ಕಡೆಯ ಮಾಜಿ ಸಿಪಾಯಿ. ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ವಾಚ್‌ಮನ್ ಆಗಿದ್ದರು. ನೀರೆಂದರೆ ಹೆದರಿಕೆ, ಕಯಾಕ್ ಹತ್ತುತ್ತಲೇ ಇರಲಿಲ್ಲ. ಒಮ್ಮೆ ಅವರಲ್ಲಿ ಕೇಳಿಯೇಬಿಟ್ಟೆ, ಇವರೆಲ್ಲ ನಡುನೀರಿನಲ್ಲಿ ಏನು ಅಷ್ಟು ಮಾತಾಡುವುದು ಎಂದು.

ಅವರು ಬೀಡಿ ಆರಿಸಿ ಹೇಳಿದರು: "ನಮ್ಮಾಕೀನೂ ಇದನ್ನ ಕೇಳ್ತಾಳ್ರೀ ಅಕ್ಕಾರ. ಆಕಿಗೆ ಹೇಳಬೇಕಂದ್ರ ಮೊದಲಿಂದ ಹೇಳಬೇಕು. ಇವರಿಗೆ ಎಲ್ಲಾ ಗೊತ್ತೇ ಐತಿ. ಹೇಳೂದು ಬ್ಯಾಡಂತನ ಹೇಳಾಕ ಆಗತೈತಿ."

ಅವರು ಹೇಳಿದ್ದು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಉರಿ ಕಡಿಮೆಯಾಗಲಿಲ್ಲ.

ಒಂದು ಸಂಜೆ ಕಾರ್ಕಳದವರು ಇವರನ್ನು ಮನೆಗೆ ಬಿಡಲು ಬಂದಿದ್ದರು. ಇವರು ಬಚ್ಚಲಿನಲ್ಲಿದ್ದರು. ಜಗಲಿಯಲ್ಲಿ ಚಹಾ ಕುಡಿಯುತ್ತ ಅವರು ತಮ್ಮ ದೊಡ್ಡ ದನಿಯನ್ನು ಆದಷ್ಟು ತಗ್ಗಿಸಿ ಹೇಳಿದರು: "ಆ ಅಡುಗೆಯವನದ್ದು ದೊಡ್ಡ ಮನಸ್ಸು ಟೀಚರ್. ಹೊತ್ತುಕೊಂಡು ಬರುವಾಗ ಇವನು ನೋವು ತಡೆಯಲಾಗದೆ ಅವನ ಹೆಗಲು ಕಚ್ಚಿದ್ದಾನೆ. ಆದರೂ ಅವನು ಇಳಿಸಲಿಲ್ಲವಂತೆ. ನಿಮಗೆ ಹೇಳಿರಬೇಕಲ್ವಾ?"

"ಹೌದು, ಹೇಳಿದ್ದಾರೆ" ಎಂದೆ.

ಬೇರೆ ಏನು ಹೇಳಲಿ? ಅವರ ಲೋಟ ತೆಗೆದುಕೊಂಡು ಒಳಗೆ ಹೋದೆ. ಯಾವ ಅಡುಗೆಯವನು, ಎಲ್ಲಿಂದ ಹೊತ್ತ, ಎಷ್ಟು ದೂರ ಹೊತ್ತ, ನನಗೆ ಒಂದೂ ಗೊತ್ತಿರಲಿಲ್ಲ. ಬಚ್ಚಲಿನಿಂದ ಇವರು ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಅಷ್ಟು ವರ್ಷ ದಿನವೂ ಆ ಕಾಲು ಒರೆಸಿದವಳು ನಾನು. ಅದು ಹೋದ ಕಥೆ ಮಾತ್ರ ಕಾರ್ಕಳಕ್ಕೆ ಹೋಗಿತ್ತು.

ಮೋಟಾರಿನ ಮಾತು ಬಂದದ್ದು ಆ ಮಳೆಗಾಲ ಕಳೆದ ಮೇಲೆ. ಆ ಕಯಾಕಿನ ಚುಕ್ಕಾಣಿಯನ್ನು ಕಾಲಿನಿಂದ ತಿರುಗಿಸಬೇಕಿತ್ತು. ಎರಡು ಪಾದಕ್ಕೂ ಒಂದೊಂದು ಪೆಡಲು. ಇವರ ಎಡಪಾದಕ್ಕೆ ಒತ್ತಿದೆಯೋ ಬಿಟ್ಟಿದೆಯೋ ತಿಳಿಯುತ್ತಿರಲಿಲ್ಲ. ಕಯಾಕ್ ಇದ್ದಲ್ಲೇ ಸುತ್ತು ಹೊಡೆಯುತ್ತಿತ್ತು. ಒಂದು ದಿನ ಇಳಿತದ ನೀರು ಇವರನ್ನು ಹೊಳೆ ಕಡಲು ಸೇರುವ ಅಳಿವೆಯ ಕಡೆ ಎಳೆದುಕೊಂಡು ಹೋಗಿ, ಕಾರ್ಕಳದವರು ಹಗ್ಗ ಕಟ್ಟಿ ಎಳೆದು ತರಬೇಕಾಯಿತು. ಇವರು ಮರ್ಯಾದೆ ಹೋದವರಂತೆ ಮನೆಗೆ ಬಂದರು. ಮರುದಿನವೇ ಕಾರ್ಕಳದವರು ಟೆಂಪೋದಲ್ಲಿ ಕಯಾಕನ್ನು ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿದರು. ಜೊತೆಗೆ ಹುಲ್ಲು ಕತ್ತರಿಸುವ ಒಂದು ಹಳೆಯ ಮೆಷಿನ್.

ಆ ಮೆಷಿನ್ನಿನ ಉದ್ದ ಕೋಲಿನ ತುದಿಯಲ್ಲಿದ್ದ ಬ್ಲೇಡು ತೆಗೆದು, ಮಲ್ಪೆಯ ವರ್ಕ್‌ಶಾಪಿನಲ್ಲಿ ಮಾಡಿಸಿದ ಪುಟ್ಟ ಫ್ಯಾನ್ ಹಾಕಿದರು. ಕೋಲನ್ನು ನೀರಿಗೆ ಇಳಿಬಿಟ್ಟರೆ ಅದೇ ದೋಣಿಗೆ ಹಿಂದೆ ಕಟ್ಟುವ ಔಟ್‌ಬೋರ್ಡ್ ಮೋಟಾರು. ಅದರ ಭಾರಕ್ಕೆ ಕಯಾಕ್ ಒಂದು ಕಡೆ ವಾಲಬಾರದೆಂದು ಎರಡೂ ಬದಿಗೆ ಬಾಯಿ ಮುಚ್ಚಿದ ದಪ್ಪ ಪಿವಿಸಿ ಪೈಪು ಕಟ್ಟಿದರು. ಇನ್ನು ಹುಟ್ಟು ಹಾಕುವ ಕೆಲಸವಿಲ್ಲದೆ ಕೈ ಖಾಲಿ ಇರುವುದರಿಂದ, ಪೆಡಲುಗಳನ್ನು ಕಿತ್ತು, ಚುಕ್ಕಾಣಿಯ ಹಗ್ಗವನ್ನು ಬಲಗೈ ಹತ್ತಿರದ ಹಿಡಿಗೆ ತಂದರು. ಬರೆಯುವಾಗ ಎರಡು ಸಾಲು. ನಡೆದದ್ದು ತಿಂಗಳುಗಟ್ಟಲೆ. ಒಮ್ಮೆ ಫ್ಯಾನ್ ತಿರುಗಲಿಲ್ಲ, ಒಮ್ಮೆ ಪೈಪಿನೊಳಗೆ ನೀರು ಹೋಯಿತು, ಒಮ್ಮೆ ಎಂಜಿನ್ ಅದುರಿ ಬೋಲ್ಟುಗಳೆಲ್ಲ ಕಳಚಿದವು.

ಅಷ್ಟೂ ದಿನ ನನ್ನ ಅಂಗಳ ಅವರದಾಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸ್ಪ್ಯಾನರುಗಳು, ಬಟ್ಟೆ ಒಣಹಾಕುವ ಹಗ್ಗದಲ್ಲಿ ಎಂಜಿನ್, ಇಡೀ ಮನೆಗೆ ಪೆಟ್ರೋಲಿನ ವಾಸನೆ. ಬೆಳಿಗ್ಗೆ ನಾನು ಕರೆದರೂ ಏಳದಿದ್ದ ಇವರು ಈಗ ನನಗಿಂತ ಮೊದಲೇ ಎದ್ದು ಗೇಟಿನ ಹತ್ತಿರ ನಿಂತು ಕಾರ್ಕಳದ ಕಡೆಯ ಬಸ್ಸು ನೋಡುತ್ತಿದ್ದರು. ಶಾಲೆಗೆ ಹೊರಡುವ ನನ್ನ ಕಡೆ ತಿರುಗಿ ನೋಡಲೂ ಪುರುಸೊತ್ತಿಲ್ಲ. ಕಯಾಕಿನ ಹೊಟ್ಟೆಯನ್ನು ಒದ್ದೆ ಬಟ್ಟೆಯಿಂದ ಇವರು ಒರೆಸುವುದನ್ನು ಒಂದು ದಿನ ಕಿಟಕಿಯಿಂದ ನೋಡಿದೆ. ಎಷ್ಟು ಮೆತ್ತಗೆ ಒರೆಸುತ್ತಿದ್ದರೆಂದರೆ, ನನಗೆ ಕಿಟಕಿಯ ಬಾಗಿಲು ದಢಾರನೆ ಹಾಕಬೇಕೆನಿಸಿತು. ಹಾಕಿದೆ ಕೂಡ.

ಕೊನೆಗೆ ಉಳಿದದ್ದು ಎಡಗಾಲಿನ ಸಮಸ್ಯೆ. ಎಂಜಿನ್ನಿನ ಅದುರಾಟಕ್ಕೆ ಕೃತಕ ಕಾಲು ಜಾರಿ ಜಾರಿ ಹೊರಗೆ ಹೋಗುತ್ತಿತ್ತು. ಒಂದು ಬೆಲ್ಟ್ ಹಾಕಿ ಅದನ್ನು ಕಯಾಕಿಗೇ ಬಿಗಿಯುವ ಎಂದು ಕಾರ್ಕಳದವರು. ಮೊಣಕಾಲಿನ ಕೆಳಗೋ ಮೇಲೋ ಎಂದು ಇಬ್ಬರೂ ಚರ್ಚೆ ಮಾಡುತ್ತಿದ್ದರು. ನಾನು ಅಕ್ಕಿ ಆರಿಸುತ್ತ ಜಗಲಿಯಲ್ಲಿದ್ದೆ. ಆ ಕಾಲಿನ ಯಾವ ಜಾಗದಲ್ಲಿ ಚರ್ಮ ತೆಳು, ಎಲ್ಲಿ ಒತ್ತಿದರೆ ಹುಣ್ಣು, ಇದು ಕಾರ್ಕಳದವರಿಗೆ ಗೊತ್ತೇ? ನನ್ನನ್ನು ಒಂದು ಮಾತು ಕೇಳಬಾರದೇ? ತಡೆಯಲಾಗಲಿಲ್ಲ.

"ಬೆಲ್ಟ್ ಎಲ್ಲಿ ಕಟ್ಟಿದರೂ ಹುಣ್ಣಾಗುತ್ತದೆ. ಮತ್ತೆ ದೋಣಿ ಮಗುಚಿದರೆ ಕಟ್ಟಿದ ಕಾಲನ್ನು ಬಿಚ್ಚುವವರು ಯಾರು? ಆ ಕಾಲು ನೀರಿನಲ್ಲಿ ಎಂತಕ್ಕೆ ಬೇಕು? ತೆಗೆದಿಟ್ಟು ಹೋದರೆ ಆಯಿತಲ್ಲ."

ಇವರು ನನ್ನ ಕಡೆ ನೋಡಿದ ನೋಟ ಚೆನ್ನಾಗಿ ನೆನಪುಂಟು. ಸಿಟ್ಟು ಬಂದಿತ್ತು. ಕಾರ್ಕಳದವರು ಮಾತ್ರ ತೊಡೆ ತಟ್ಟಿ, "ಟೀಚರ್ ಹೇಳಿದ್ದು ಸರಿ ಮಾರಾಯ. ನಾವು ಇಷ್ಟು ದಿನ ಎಂತ ಯೋಚನೆ ಮಾಡಿದ್ದು?" ಎಂದರು.

ಮುಂದಿನ ಭಾನುವಾರ ಮಟ್ಟುವಿನಲ್ಲಿ ಹೊಸ ಮೋಟಾರಿನ ಪರೀಕ್ಷೆ. ಇವರು ದಂಡೆಯ ಮೇಲೆ ಕುಳಿತರು. ಆಮೇಲೆ ಪ್ಯಾಂಟು ಮೇಲೆ ಮಡಚಿ, ಎಲ್ಲರ ಎದುರಿಗೆ ಕಾಲನ್ನು ಬಿಚ್ಚಿದರು. ವಾಚ್‌ಮನ್ ಬಂದು ಆ ಕೃತಕ ಕಾಲನ್ನು ತೆಗೆದುಕೊಂಡು ನೆರಳಿನಲ್ಲಿ ಟವೆಲ್ ಹಾಸಿ ಇಟ್ಟರು. ಕಾರ್ಕಳದವರು ಇವರ ಕಂಕುಳಿಗೆ ಕೈಕೊಟ್ಟು ಕಯಾಕಿನಲ್ಲಿ ಕೂರಿಸಿದರು. ಹಗ್ಗ ಎಳೆದ ಕೂಡಲೇ ಎಂಜಿನ್ ಶುರುವಾಯಿತು. ಹಳದಿ ಕಯಾಕ್ ನೀರನ್ನು ಸೀಳಿಕೊಂಡು ನೇರವಾಗಿ, ಒಂದಿಷ್ಟೂ ಸುತ್ತದೆ, ಹೊಳೆಯ ಮೇಲ್ಭಾಗಕ್ಕೆ ಹೋಯಿತು. ದಂಡೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ತಟ್ಟಲಿಲ್ಲ. ನನಗೊಬ್ಬಳಿಗೇ ತೋರಿಸುತ್ತಿದ್ದ ಕಾಲು ಈಗ ಎಲ್ಲರದಾಗಿತ್ತು. ಹಾಗೆ ಮಾಡಿಸಿದ್ದು ಬೇರೆ ಯಾರೂ ಅಲ್ಲ, ನನ್ನದೇ ಮಾತು. ಅಂದಿನಿಂದ ಇವರು ಮನೆಯಲ್ಲೂ ಕಾಲು ಬಿಚ್ಚಿಟ್ಟು ಜಗಲಿಯಲ್ಲಿ ಕೂರತೊಡಗಿದರು. ಹೊಳೆಯ ನೀರು ತಾಗಿದ ಮೇಲೆ ಚರ್ಮವೂ ಗಟ್ಟಿಯಾಯಿತೋ ಏನೋ, ಮುಲಾಮು ತಾವೇ ಹಚ್ಚಿಕೊಂಡರು.

ಮುಂದೆ ಕೆಲವು ವಾರಗಳಲ್ಲಿ, ಒಂದು ಮಧ್ಯಾಹ್ನ, ಅಡುಗೆಮನೆಯ ಹಿಂದೆ ಕೆಂಬೇರಿಯ ಹುರುಪೆ ತೆಗೆಯುತ್ತಿದ್ದ ಇವರು ತಾವಾಗಿಯೇ ಮಾತು ಶುರುಮಾಡಿದರು. ನಮ್ಮ ಯೂನಿಟ್ಟಿನಲ್ಲಿ ಒಬ್ಬ ಅಡುಗೆಯವನಿದ್ದ ಎಂದರು. ಎಷ್ಟು ವರ್ಷ ಕಾದ ಮಾತು. ಬಾಂಬು ಸಿಡಿದದ್ದು, ಬೇರೆ ಬಾಂಬುಗಳಿರಬಹುದೆಂದು ಯಾರೂ ಹತ್ತಿರ ಬರದಿದ್ದದ್ದು, ಅವನೊಬ್ಬ ಬಂದು ಬೆನ್ನ ಮೇಲೆ ಹಾಕಿಕೊಂಡದ್ದು. ಹೆಗಲು ಕಚ್ಚಿದ ವಿಷಯಕ್ಕೆ ಬಂದಾಗ ಇವರ ಕೈ ನಿಂತಿತು. ಹೇಳಲು ಕಷ್ಟಪಡುತ್ತಿದ್ದರು.

"ಗೊತ್ತುಂಟು" ಎಂದೆ. "ಕಾರ್ಕಳದವರು ಹೇಳಿದ್ದಾರೆ."

ಸುಮ್ಮನಿರಬಹುದಿತ್ತು. ಆದರೆ ಎರಡನೆಯವಳಾಗಿ ಕೇಳುತ್ತಿದ್ದೇನೆ ಎಂಬುದು ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

"ಯಾವಾಗ?" ಎಂದರು. ಹೇಳಿದೆ. ಅವರು ಮೀನನ್ನು ಹಾಗೆಯೇ ಬಿಟ್ಟು, ಕೈ ತೊಳೆದು, ಜಗಲಿಗೆ ಹೋದರು. ಆ ಭಾನುವಾರ ಮಟ್ಟುವಿಗೆ ಹೋಗಲಿಲ್ಲ. ಮುಂದಿನದಕ್ಕೂ ಇಲ್ಲ. ಕಾರ್ಕಳದವರು ಫೋನು ಮಾಡಿದರೆ ಮನೆಯಲ್ಲಿಲ್ಲ ಎಂದು ಹೇಳಲು ನನಗೆ ಸನ್ನೆ ಮಾಡುತ್ತಿದ್ದರು. ಅವರೊಮ್ಮೆ ಮನೆಗೇ ಬಂದರು. ಇವರು ಹೊರಗೆ ಬಂದು, ನೀವು ನನ್ನ ಮಾತನ್ನು ಊರೆಲ್ಲ ಹಂಚುವವರೆಂದು ತಿಳಿದಿರಲಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಕಾರ್ಕಳದವರು ಸರಿಯಾದ ಕಿವಿಯನ್ನು ಬಾಗಿಲಿನ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನಿಂತು, ಹೊರಟುಹೋದರು.

ಈಗ ನನಗೆ ಪ್ರತಿಸ್ಪರ್ಧಿ ಇರಲಿಲ್ಲ. ಅಂಗಳ ನನ್ನದಾಯಿತು. ಭಾನುವಾರವೂ ನನ್ನದೇ. ಇವರು ಮತ್ತೆ ಕಡಲಿಗೆ ಮುಖ, ಮನೆಗೆ ಬೆನ್ನು. ಕಯಾಕ್ ಮಟ್ಟುವಿನ ಒಂದು ಮನೆಯ ಚಾವಡಿಯಲ್ಲಿ ಬಿದ್ದಿತ್ತು. ನಾನು ಬೇಕೆಂದು ಬಯಸಿದ್ದು ಇದನ್ನೇ. ಆದರೆ ಆ ಬೆನ್ನನ್ನು ಮತ್ತೊಂದು ತಿಂಗಳು ನೋಡಲು ನನ್ನಿಂದಾಗಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದೆ.

ಅವರ ಮನೆ ಕಲ್ಲುಕೋರೆಯ ಹತ್ತಿರ. ಅಂಗಳದ ಗಿಡಗಳ ಮೇಲೆಲ್ಲ ಬಿಳಿ ಧೂಳು. ಕಾರ್ಕಳದವರು ನನ್ನನ್ನು ನೋಡಿ ಎದ್ದುನಿಂತರು. ನಾನೇ ಹೇಳಿದೆ: ನೀವು ಕೇಳಿದಾಗ ನನಗೆ ಗೊತ್ತಿರಲಿಲ್ಲ, ಗೊತ್ತುಂಟೆಂದು ಸುಳ್ಳು ಹೇಳಿದ್ದೆ, ನೀವು ಊರೆಲ್ಲ ಹಂಚಲಿಲ್ಲವೆಂದು ಇವರಿಗೆ ನಾನು ಹೇಳುತ್ತೇನೆ, ನೀವು ಬರಬೇಕು. ಅವರು ತಲೆ ತಗ್ಗಿಸಿ ಕೇಳಿದರು. ಅವರ ಹೆಂಡತಿ, ತೆಳ್ಳಗಿನ ಹೆಂಗಸು, ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡು ನನ್ನನ್ನು ಅಡುಗೆಮನೆಗೆ ಕರೆದರು.

ಕಾಫಿಗೆ ಹಾಲು ಕಾಯಿಸುತ್ತ ಅವರು ಹೇಳಿದ್ದು: "ನೀವು ಬಂದದ್ದು ಒಳ್ಳೆಯದಾಯಿತು. ನೀವು ಹೇಗಿರಬಹುದು ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೆ. ನನ್ನ ಮಗಳ ಬಾಣಂತನಕ್ಕೆ ಇವರಿಗೆ ಬರಲು ಪುರುಸೊತ್ತಿಲ್ಲ, ಕಾಪುವಿಗೆ ಹೋಗಲು ಉಂಟು. ನಿಮ್ಮ ಯಜಮಾನರ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು ಮಾರಾಯ್ರೆ."

ನಾನು ಅವರ ಮುಖವನ್ನೇ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ನನ್ನ ಅಂಗಳದಲ್ಲಿ ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದುದನ್ನೇ ಈ ಹೆಂಗಸು ಕಾರ್ಕಳದಲ್ಲಿ ಕುಳಿತು ಎಣಿಸುತ್ತಿದ್ದರು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಹಾಲು ಉಕ್ಕಿ ಒಲೆಯ ಮೇಲೆ ಹೋಯಿತು.

ಇವರಿಗೆ ನಿಜ ಹೇಳಿದಾಗ ಎರಡು ದಿನ ನನ್ನ ಮೇಲೆ ಮುಖ ಊದಿಸಿದರು. ಭಾನುವಾರ ಬೆಳಿಗ್ಗೆ ಟೆಂಪೋದ ಹಾರ್ನ್ ಕೇಳಿದಾಗ ಎದ್ದು ಹೋದರು. ಗೇಟಿನಲ್ಲಿ ಕಾರ್ಕಳದವರು ಪೆಟ್ರೋಲ್ ಕ್ಯಾನು ಕೊಟ್ಟರು, ಇವರು ಹಿಡಿದುಕೊಂಡರು, ಅಷ್ಟರಲ್ಲಿ ಮುಗಿಯಿತು. ಟೆಂಪೋದಲ್ಲಿ ಅವರ ಹೆಂಡತಿಯೂ ಕುಳಿತಿದ್ದರು. ನಾನು ಶಾಲೆಯ ಪೇಪರುಗಳನ್ನು ತಿದ್ದುವುದು ಬಿಟ್ಟು ಹತ್ತಿದೆ.

ಅಂದು ಗಂಡಸರಿಬ್ಬರೂ ಮೋಟಾರಿನ ಕಯಾಕಿನ ಬೋಲ್ಟು ಬಿಗಿಯುತ್ತಿದ್ದಾಗ, ಮೋಟಾರಿಲ್ಲದ ಇನ್ನೊಂದು ಕಯಾಕ್ ನೀರಿನ ಬದಿಯಲ್ಲಿ ಸುಮ್ಮನೆ ತೇಲುತ್ತಿತ್ತು. ನಮ್ಮ ಕಡೆ ಹೆಂಗಸರು ಮೀನು ಮಾರುವುದುಂಟು, ದೋಣಿ ಹತ್ತುವುದಿಲ್ಲ. ಅಜ್ಜಿಯಿಂದ ಅತ್ತೆಯವರೆಗೆ ಎಲ್ಲರೂ ಹೇಳಿದ್ದು ಅದನ್ನೇ. ನಾನು ಸೀರೆಯನ್ನು ಎತ್ತಿ ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿದೆ. ವಾಚ್‌ಮನ್ ಕಯಾಕಿನ ಬಾಲ ಹಿಡಿದು ಮೊಣಕಾಲು ನೀರಿನವರೆಗೆ ತಾವೇ ಇಳಿದು ತಳ್ಳಿದರು. ಇವರು ದಂಡೆಯಿಂದ, ಎಡಕ್ಕೆ, ಈಗ ಬಲಕ್ಕೆ ಎಂದು ಹೇಳುತ್ತಲೇ ಇದ್ದರು. ಹುಟ್ಟು ಹಾಕಿದಂತೆಲ್ಲ ನಾನು ಇದ್ದಲ್ಲೇ ಸುತ್ತಿದೆ. ಸೆರಗೆಲ್ಲ ಒದ್ದೆ. ಇವರು ನಗುತ್ತಿದ್ದರು, ಆ ದೊಡ್ಡ ನಗುವನ್ನೇ. ಅದು ಈ ಸಲ ನನ್ನನ್ನು ನೋಡಿ ಬಂದದ್ದು.

ನಾನು ಇಳಿದ ಮೇಲೆ ಕಾರ್ಕಳದವರ ಹೆಂಡತಿ ಹತ್ತಿದರು. ಗುಡ್ಡದ ಊರಿನವರು, ಕಡಲನ್ನು ವರ್ಷಕ್ಕೊಮ್ಮೆ ನೋಡಿದವರು. ಹುಟ್ಟು ಹಿಡಿದು ಎರಡು ಸಲ ತಡವರಿಸಿ, ಮೂರನೆಯದಕ್ಕೆ ನೆಟ್ಟಗೆ ಹೊಳೆಯ ನಡುವಿಗೆ ಹೋಗಿ, ತಿರುಗಿಸಿಕೊಂಡು ವಾಪಸು ಬಂದರು. ಇವರು ಬಹಳ ಮೆಚ್ಚಿ, ನೋಡು, ಅತ್ತಿಗೆ ಎಷ್ಟು ಚೆನ್ನಾಗಿ ಕಲಿತರು ಎಂದು ನನಗೆ ಹೇಳಿದರು. ನನ್ನ ಹೊಟ್ಟೆ ಮತ್ತೆ ಉರಿಯಿತು. ಸೀರೆ ಹಿಂಡಿಕೊಂಡು, ಇನ್ನೊಂದು ಸಲ ನಾನು ಹೋಗುತ್ತೇನೆ ಎಂದು ಹುಟ್ಟಿಗೆ ಕೈ ಚಾಚಿದೆ.